ಕಾರು ಬಿಸಿಯೇ ಆಗುತ್ತಿಲ್ಲ, ಥರ್ಮೋಸ್ಟಾಟ್ ತೆಗೆಸಿಬಿಡಲಾ?

ಆಲ್ದೂರು ಟೀಚರ್ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮದು 2009ರ ಸಣ್ಣ ಪೆಟ್ರೋಲ್ ಕಾರು, ಮೂರು ಸಿಲಿಂಡರ್, 796 ಸಿಸಿ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆಲ್ದೂರಿನಿಂದ ಚಿಕ್ಕಮಗಳೂರಿಗೆ ದಿನಾ ಶಾಲೆಗೆ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆ ಅಮ್ಮನನ್ನು ಹಾಸನಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಬೆಳಿಗ್ಗೆ ಆರಕ್ಕೇ ಹೊರಡುತ್ತೇವೆ. ಈ ಡಿಸೆಂಬರಿನಲ್ಲಿ ಮಂಜು ಎಷ್ಟಿದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಗಾಜಿಗೆಲ್ಲ ಹಬೆ ಕೂರುತ್ತದೆ. ಹೀಟರ್ ಹಾಕಿದರೆ ಬರುವುದು ಉಗುರು ಬೆಚ್ಚಗಿನ ಗಾಳಿ. ಅಮ್ಮ ಶಾಲು ಹೊದ್ದೇ ಕೂರುತ್ತಾರೆ.

ಟೆಂಪರೇಚರ್ ಗೇಜಿನ ಮುಳ್ಳು ತಣ್ಣಗಿನ ಗೆರೆಯಿಂದ ಸ್ವಲ್ಪ ಮೇಲೆ ಬಂದು ಅಲ್ಲೇ ನಿಲ್ಲುತ್ತದೆ. ಹೋದ ವಾರ ನೆಂಟರನ್ನು ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗಿದ್ದೆ. ಹತ್ತುವಾಗ ಕಾಲು ಭಾಗದವರೆಗೆ ಬಂತು, ಕೈಮರದ ಕಡೆಗೆ ಇಳಿಯುವಾಗ ಪೂರಾ ಕೆಳಗೆ ಬಿದ್ದುಹೋಯಿತು. ಮೊದಲಿಂದಲೂ ಹೀಗೇ ಇತ್ತೋ ಏನೋ, ನಾನು ಗಮನ ಕೊಟ್ಟಿರಲಿಲ್ಲ. ನಮ್ಮ ಶಾಲೆಯ ಇನ್ನೊಬ್ಬರ ಹತ್ತಿರ ಇದೇ ಕಾರಿದೆ. ಅವರಿಗೆ ಲೀಟರಿಗೆ 17 ಕಿಲೋಮೀಟರ್ ಬರುತ್ತದಂತೆ. ನಾನು ಮೂರು ಸಲ ಫುಲ್ ಟ್ಯಾಂಕ್ ಮಾಡಿಸಿ ಲೆಕ್ಕ ಹಾಕಿದೆ, 13 ದಾಟಲಿಲ್ಲ.

ಇಲ್ಲೊಬ್ಬರು ಮೆಕ್ಯಾನಿಕ್ ಗಾಡಿ ಓಡಿಸಿ ನೋಡಿ, "ಥರ್ಮೋಸ್ಟಾಟ್ ಹೋಗಿದೆ. ನಮ್ಮ ಊರಿಗೆ ಅದು ಬೇಕಾಗೇ ಇಲ್ಲ, ತೆಗೆದುಬಿಡೋಣ, ತಲೆನೋವು ಇರಲ್ಲ" ಅಂದರು. ತೆಗೆಸಲಾ, ಹೊಸದು ಹಾಕಿಸಲಾ? ನಾನೇ ಮನೆಯಲ್ಲಿ ಬದಲಾಯಿಸಲು ಆಗುತ್ತದಾ? ಸ್ಪ್ಯಾನರ್ ಸೆಟ್ ಇದೆ. ಅಪ್ಪ ಇದ್ದಾಗ ಪಂಪ್‌ಸೆಟ್ ಬಿಚ್ಚಿ ಜೋಡಿಸುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ, ಕೆಲಸಕ್ಕೆ ಹೆದರಿಕೆಯಿಲ್ಲ.

ಹಾಸನದ ಹಳೇ ಮೆಕ್ಯಾನಿಕ್ · ಸೋಮವಾರ ಬೆಳಿಗ್ಗೆ

ನೋಡಮ್ಮ, ನಿಮ್ಮ ಕಾರಿನ ರೋಗವೇ ಎಂಜಿನ್ ತಣ್ಣಗೆ ಇರೋದು. ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ಇನ್ನೂ ತಣ್ಣಗೇ ಇರುತ್ತದೆ. ಅಂದರೆ ಈಗಿರೋ ರೋಗವನ್ನೇ ಕಾಯಂ ಮಾಡಿದ ಹಾಗೆ. ದಯವಿಟ್ಟು ತೆಗೆಸಬೇಡಿ.

ನಾನು ಮೂವತ್ತೊಂದು ವರ್ಷ ಬಸ್ಸುಗಳ ಎಂಜಿನ್ ಕೆಲಸ ಮಾಡಿದವನು, ಈಗ ನಿವೃತ್ತಿ. ಈ ಸಣ್ಣ ಪಾರ್ಟಿಗೆ ಆಗಿರೋ ಅನ್ಯಾಯ ಬೇರೆ ಯಾವ ಪಾರ್ಟಿಗೂ ಆಗಿಲ್ಲ. ಬಿಸಿ ದೇಶಕ್ಕೆ ಇದು ಬೇಡ ಅನ್ನೋ ಮಾತು ಗ್ಯಾರೇಜಿನಿಂದ ಗ್ಯಾರೇಜಿಗೆ ಹಬ್ಬಿಬಿಟ್ಟಿದೆ. ಹೊರಗಡೆ 15 ಡಿಗ್ರಿ ಇರಲಿ, 38 ಇರಲಿ, ಎಂಜಿನ್ ಒಳಗಿನ ನೀರು 85ರಿಂದ 95ರ ಆಸುಪಾಸಿನಲ್ಲಿ ಇರಬೇಕು. ಅದನ್ನು ಅಲ್ಲಿ ಹಿಡಿದಿಡೋದೇ ಇದರ ಕೆಲಸ.

ಒಳಗೆ ಒಂದು ಹಿತ್ತಾಳೆಯ ಸಣ್ಣ ಡಬ್ಬಿ, ಅದರ ತುಂಬ ಮೇಣ. ನೀರು ಬಿಸಿಯಾದಾಗ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ನೂಕುತ್ತದೆ, ಬಾಗಿಲು ತೆರೆದು ನೀರು ರೇಡಿಯೇಟರಿಗೆ ಹೋಗುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಬಾಗಿಲು ಮುಚ್ಚುತ್ತದೆ. ಕರೆಂಟೂ ಇಲ್ಲ, ವೈರೂ ಇಲ್ಲ. ಬಾಗಿಲು ತೆರೆದೇ ಸಿಕ್ಕಿಹಾಕಿಕೊಂಡರೆ ನಿಮ್ಮ ಕಾರಿನ ಹಾಗೆ ಆಗುತ್ತದೆ: ಮುಳ್ಳು ಏಳಲ್ಲ, ಇಳಿಜಾರಿನಲ್ಲಿ ಬೀಳುತ್ತದೆ, ಹೀಟರ್ ಕಾಯಲ್ಲ. ಮುಚ್ಚಿ ಸಿಕ್ಕಿಕೊಂಡರೆ ಉಲ್ಟಾ, ಹತ್ತು ನಿಮಿಷಕ್ಕೆ ಮುಳ್ಳು ಕೆಂಪಿಗೆ ಹೋಗುತ್ತದೆ. ಹಾಗಾದಾಗ ಗಾಡಿ ಓಡಿಸಲೇಬಾರದು, ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಾಗಿಬಿಡುತ್ತದೆ.

ತಣ್ಣಗಿದ್ದರೆ ಒಳ್ಳೇದಲ್ವಾ ಅಂತ ಜನ ಕೇಳ್ತಾರೆ. ಒಳ್ಳೇದಲ್ಲ. ಕಾರಿನ ಕಂಪ್ಯೂಟರು ಸೆನ್ಸರನ್ನು ನೋಡಿ, ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ನಿಮ್ಮ 13 ಕಿಲೋಮೀಟರಿನ ಲೆಕ್ಕ ಅಲ್ಲಿದೆ. ಆ ಹೆಚ್ಚಿನ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದುಕೊಂಡು ಆಯಿಲಿಗೆ ಇಳಿಯುತ್ತದೆ. ಉರಿದಾಗ ಹುಟ್ಟಿದ ನೀರಿನ ಅಂಶ ಆವಿಯಾಗಿ ಹೋಗದೆ ಆಯಿಲಲ್ಲೇ ಕೂರುತ್ತದೆ. ಆಯಿಲ್ ಹಾಕೋ ಮುಚ್ಚಳ ತೆಗೆದು ಅದರ ಒಳಮೈ ನೋಡಿ. ಬೆಣ್ಣೆ ಸವರಿದ ಹಾಗೆ ಬಿಳಿ ಹಳದಿ ಪೇಸ್ಟ್ ಇದ್ದರೆ ಎಂಜಿನ್ ಪೂರ್ತಿ ಬಿಸಿಯಾಗುತ್ತಿಲ್ಲ ಅಂತ ಅನುಮಾನ ಪಡಬೇಕು. ಹೆಡ್ ಕೆಳಗಿನ ಪ್ಯಾಕಿಂಗ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋದರೂ ಹೀಗೆ ಕಾಣುತ್ತದೆ. ಆದರೆ ಆಗ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡೋ ನೀರು, ದಿನೇ ದಿನೇ ಕಮ್ಮಿಯಾಗುತ್ತದೆ, ಅದನ್ನೂ ಗಮನಿಸಿ.

ಮೊದಲು ದುಡ್ಡಿಲ್ಲದ ಪರೀಕ್ಷೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಎಂಜಿನ್‌ನಿಂದ ರೇಡಿಯೇಟರಿನ ತಲೆಗೆ ಹೋಗೋ ಮೇಲಿನ ಹೋಸ್ ಪೈಪ್ ಮೇಲೆ ಕೈ ಇಡಿ. ಸೆರಗು, ವೇಲ್, ಜಡೆ ಬೆಲ್ಟಿನ ಹತ್ತಿರ ಬರಬಾರದು. ಥರ್ಮೋಸ್ಟಾಟ್ ಸರಿ ಇದ್ದರೆ ಆ ಪೈಪು ಸುಮಾರು ಹೊತ್ತು ತಣ್ಣಗೇ ಇದ್ದು, ಮುಳ್ಳು ಮಧ್ಯಕ್ಕೆ ಹತ್ತಿರವಾದಾಗ ಒಮ್ಮೆಲೇ ಬಿಸಿಯಾಗುತ್ತದೆ. ಒಂದೆರಡು ನಿಮಿಷದಲ್ಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಬಂದರೆ ಬಾಗಿಲು ತೆರೆದೇ ಇದೆ. ಅಥವಾ ಬಾಗಿಲೇ ಇಲ್ಲ. ಯಾಕೆ ಹೇಳ್ತೀನಿ ಅಂದರೆ, ನೀವು "ಮೊದಲಿಂದಲೂ ಹೀಗೇ ಇತ್ತೋ ಏನೋ" ಅಂದಿದ್ದೀರಿ. ಸೆಕೆಂಡ್ ಹ್ಯಾಂಡ್ ಗಾಡಿ. ಹಿಂದಿನವರು ಯಾವಾಗಲೋ ತೆಗೆಸಿರಬಹುದು.

ಮನೆಯಲ್ಲೇ ಮಾಡಬಹುದು, ಒಂದು ಭಾನುವಾರ ಬೆಳಿಗ್ಗೆ ಸಾಕು. ಒಂದು ಮಾತು ಮಾತ್ರ ಅಮ್ಮ, ಬಿಸಿ ಇರೋವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ನಮ್ಮ ಡಿಪೋದಲ್ಲಿ ಹತ್ತೊಂಬತ್ತು ವರ್ಷದ ಹುಡುಗ ಬಟ್ಟೆ ಸುತ್ತಿ ತಿರುಗಿಸಿದ. ಎದೆ, ಕತ್ತು ಎಲ್ಲ ಬೆಂದುಹೋಯಿತು. ಅವನ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ರಾತ್ರಿಯೆಲ್ಲ ನಿಂತ ಗಾಡಿಗೇ ಕೈ ಹಾಕಿ.

ಬ್ಯಾಟರಿ ನೆಗೆಟಿವ್ ಬಿಚ್ಚಿ. ರೇಡಿಯೇಟರ್ ಕೆಳಗಿನ ನಲ್ಲಿ ಬಿಟ್ಟು ಕೂಲೆಂಟನ್ನು ಬೋಗುಣಿಗೆ ಇಳಿಸಿ. ಅದನ್ನು ಚರಂಡಿಗೆ, ತೋಟದ ಕಾಲುವೆಗೆ ಚೆಲ್ಲಬೇಡಿ. ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತದೆ. ಮೇಲಿನ ಹೋಸ್ ಎಂಜಿನ್ ಕಡೆ ಎಲ್ಲಿ ಸೇರುತ್ತದೋ ಅಲ್ಲಿ ಎರಡು ಬೋಲ್ಟಿನ ಮುಚ್ಚಳ ಇರುತ್ತದೆ. ಕೆಲವು ಕಾರುಗಳಲ್ಲಿ ಕೆಳಗಿನ ಹೋಸ್ ಕಡೆ ಇರುತ್ತದೆ, ನೋಡಿಕೊಳ್ಳಿ. ಬೋಲ್ಟ್ ತುಕ್ಕು ಹಿಡಿದು ಬಿಗಿದುಕೊಂಡಿದ್ದರೆ ಬಲ ಹಾಕಬೇಡಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ. ಅಲ್ಯೂಮಿನಿಯಂ ಒಳಗೆ ಬೋಲ್ಟ್ ಮುರಿದರೆ ನೂರು ರೂಪಾಯಿ ಕೆಲಸ ಮೂರು ಸಾವಿರ ಆಗುತ್ತದೆ.

ಹಳೇ ಪ್ಯಾಕಿಂಗ್ ಪೂರ್ತಿ ಕೆರೆದು ತೆಗೆಯಿರಿ, ಗೀರು ಬೀಳಬಾರದು. ಹೊಸ ಥರ್ಮೋಸ್ಟಾಟಿನ ಸ್ಪ್ರಿಂಗ್ ಎಂಜಿನ್ ಕಡೆಗಿರಬೇಕು. ಅಂಚಿನಲ್ಲಿ ಅಲ್ಲಾಡೋ ಸಣ್ಣ ಪಿನ್ ಇದ್ದರೆ ಅದು ಮೇಲ್ಗಡೆ ಬರಬೇಕು, ಗಾಳಿ ಹೊರಡೋ ದಾರಿ ಅದು. ಹೊಸ ಪ್ಯಾಕಿಂಗ್ ಹಾಕಿ, ಎರಡೂ ಬೋಲ್ಟನ್ನು ಸ್ವಲ್ಪ ಸ್ವಲ್ಪವಾಗಿ ಒಂದಾದ ಮೇಲೊಂದು ಬಿಗಿ ಮಾಡಿ. ಮೊಣಕೈ ಬಲ ಬೇಡ, ಮಣಿಕಟ್ಟಿನ ಬಲ ಸಾಕು.

ಹೊಸದನ್ನು ಹಾಕೋ ಮುಂಚೆ ಪಾತ್ರೆ ನೀರಿನಲ್ಲಿ ಕಾಯಿಸಿ ಪರೀಕ್ಷೆ ಮಾಡಿ. ಹೊಸದೂ ಕೆಟ್ಟಿರೋದನ್ನು ನಾನು ಕಂಡಿದ್ದೇನೆ.

ಸಕಲೇಶಪುರ ಟ್ಯಾಕ್ಸಿ · ಸೋಮವಾರ ಮಧ್ಯಾಹ್ನ

ಗುರುಗಳೇ, ನಿಮ್ಮ ಅನುಭವಕ್ಕೆ ಕೈ ಮುಗಿದೇ ಹೇಳ್ತಿದ್ದೀನಿ. ನನ್ನ ಹಳೇ ಡೀಸೆಲ್ ಗಾಡಿಯಲ್ಲಿ ಥರ್ಮೋಸ್ಟಾಟ್ ತೆಗೆಸಿ ಆರು ವರ್ಷ ಆಯ್ತು. ಏಪ್ರಿಲ್ ತಿಂಗಳಲ್ಲಿ ಏಳು ಜನ ಕೂರಿಸಿಕೊಂಡು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಮಾರನಹಳ್ಳಿಗೆ ಬರಬೇಕಾದರೆ ಮುಂಚೆ ಎರಡು ಕಡೆ ನಿಲ್ಲಿಸಿ ತಣ್ಣಗೆ ಮಾಡಬೇಕಿತ್ತು. ತೆಗೆಸಿದ ಮೇಲೆ ಒಂದು ಸಲವೂ ನಿಂತಿಲ್ಲ. ದಾರಿಯಲ್ಲಿ ಮುಚ್ಚಿಕೊಂಡು ಎಂಜಿನ್ ಸೀಜ್ ಆದರೆ ಯಾರು ದುಡ್ಡು ಕೊಡ್ತಾರೆ? ಮೇಡಂ, ನಿಮ್ಮ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ತಪ್ಪು ಅಂತ ನನಗನ್ನಿಸಲ್ಲ.

ಹಾಸನದ ಹಳೇ ಮೆಕ್ಯಾನಿಕ್ · ಸೋಮವಾರ ಸಂಜೆ

ತಮ್ಮ, ಶಿರಾಡಿ ಹತ್ತೋ ಕಷ್ಟ ನನಗೂ ಗೊತ್ತು. ನಿಮ್ಮ ಭಯ ಸುಳ್ಳಲ್ಲ. ಆದರೆ ಒಂದು ಯೋಚನೆ ಮಾಡಿ. ಒಳ್ಳೇ ಥರ್ಮೋಸ್ಟಾಟ್ 95 ಡಿಗ್ರಿಯ ಹೊತ್ತಿಗೆ ಪೂರ್ತಿ ತೆರೆದಿರುತ್ತದೆ. ಅದಾದ ಮೇಲೂ ಗಾಡಿ ಕಾಯ್ತಿದೆ ಅಂದರೆ ತಪ್ಪು ಬೇರೆ ಕಡೆ ಇದೆ: ರೇಡಿಯೇಟರ್ ಒಳಗೆ ಕಟ್ಟಿರಬಹುದು, ರೆಕ್ಕೆಗಳಲ್ಲಿ ಮಣ್ಣು ತುಂಬಿರಬಹುದು, ಫ್ಯಾನನ್ನು ಎಂಜಿನ್ನಿಗೆ ಜೋಡಿಸೋ ಫ್ಯಾನ್ ಕ್ಲಚ್ ಹಿಡಿಯದೇ ಇರಬಹುದು, ಮುಚ್ಚಳದ ರಬ್ಬರ್ ಸತ್ತಿರಬಹುದು. ಥರ್ಮೋಸ್ಟಾಟ್ ತೆಗೆದಾಗ ಎಂಜಿನ್ ತಣ್ಣಗಿನ ಕಡೆಯಿಂದ ಘಾಟಿ ಶುರು ಮಾಡುತ್ತದೆ, ತುದಿ ಮುಟ್ಟೋ ಹೊತ್ತಿಗೂ ಕಾಯ್ದಿರಲ್ಲ. ಕಾಯಿಲೆ ಒಳಗೇ ಇದೆ, ಕಾಣ್ತಿಲ್ಲ ಅಷ್ಟೇ.

ಇನ್ನೊಂದು ಮಾತು. ಬಸ್ಸು, ಲಾರಿ, ಕೆಲವು ಡೀಸೆಲ್ ಕಾರುಗಳಲ್ಲಿ ಥರ್ಮೋಸ್ಟಾಟಿಗೆ ಕೆಳಗೊಂದು ಎರಡನೇ ತಟ್ಟೆ ಇರುತ್ತದೆ. ಮೇಲಿನ ಬಾಗಿಲು ತೆರೆದಾಗ ಅದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥದ್ದನ್ನು ತೆಗೆದುಬಿಟ್ಟರೆ ಬೈಪಾಸ್ ಸದಾ ತೆರೆದಿದ್ದು, ಒಂದು ಪಾಲು ಬಿಸಿನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸ್ ಬರುತ್ತದೆ. ತಣ್ಣಗಾಗಲಿ ಅಂತ ತೆಗೆಸಿ, ಭಾರ ಹೊತ್ತಾಗ ಇನ್ನಷ್ಟು ಕಾಯೋ ಹಾಗೆ ಮಾಡಿಕೊಂಡವರಿದ್ದಾರೆ. ನಿಮ್ಮದು ಯಾವ ನಮೂನೆ ಅಂತ ನೋಡಿಸಿ. ಒಂದ್ಸಲ ಆಯಿಲ್ ಮುಚ್ಚಳವನ್ನೂ ತೆಗೆದು ನೋಡಿ ತಮ್ಮ.

ಬೇಲೂರು ರಸ್ತೆ · ಸೋಮವಾರ ರಾತ್ರಿ

ಹೊಸ ಕಾರು ಇರುವವರಿಗೆ ಒಂದು ಮಾತು. ನನ್ನ 2018ರ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಿಕೊಂಡಿತ್ತು. ಸ್ಟೇರಿಂಗ್ ಕೆಳಗೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ತರಿಸಿ ನೋಡಿದರೆ ಪಿ0128 ಅಂತ ಬಂತು. ಕೂಲೆಂಟ್ ಬರಬೇಕಾದ ಬಿಸಿಗೆ ಬರುತ್ತಿಲ್ಲ ಅಂತ ಅದರರ್ಥ. ಫೋನಿನಲ್ಲೇ ಡಿಗ್ರಿ ಕಾಣುತ್ತದೆ, ಗೇಜಿನ ಮುಳ್ಳನ್ನು ನಂಬಿ ಕೂರಬೇಕಿಲ್ಲ. ಟೀಚರ್ ಅವರ 2009ರ ಗಾಡಿಗೆ ಅದು ಸಿಗುತ್ತದೆ ಅಂತ ಭರವಸೆ ಇಟ್ಟುಕೊಳ್ಳಬೇಡಿ, ಪೈಪಿನ ಮೇಲೆ ಕೈ ಇಟ್ಟು ನೋಡುವುದೇ ಸರಿ.

ಆಲ್ದೂರು ಟೀಚರ್ · ಮುಂದಿನ ಭಾನುವಾರ ರಾತ್ರಿ

ಮೆಕ್ಯಾನಿಕ್ ಅಂಕಲ್, ನೀವು ಹೇಳಿದ್ದೇ ನಿಜವಾಯಿತು. ಒಳಗೆ ಥರ್ಮೋಸ್ಟಾಟೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆಯೇ ಪೈಪ್ ಮುಟ್ಟಿ ನೋಡಿದ್ದೆ. ಎರಡನೇ ನಿಮಿಷಕ್ಕೇ ಬೆಚ್ಚಗಾಗತೊಡಗಿತು. ಆಯಿಲ್ ಮುಚ್ಚಳದ ಒಳಗೆ ನೀವು ಹೇಳಿದ ಆ ಬೆಣ್ಣೆ ಪೇಸ್ಟ್ ಇತ್ತು. ಕೂಲೆಂಟಿನ ಡಬ್ಬಿಗೆ ಪೆನ್ನಿನಲ್ಲಿ ಗೆರೆ ಎಳೆದು ನಾಲ್ಕು ದಿನ ನೋಡಿದೆ, ಇಳಿದಿಲ್ಲ. ಇವತ್ತು ಏಳು ಗಂಟೆಗೆ ಅಂಗಳದಲ್ಲಿ ಶುರು ಮಾಡಿದೆ. ಎಡಗಡೆ ಬೋಲ್ಟ್ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ರಾತ್ರಿಯ ಸ್ಪ್ರೇ ಸಾಲದೆ ಇನ್ನೊಮ್ಮೆ ಹೊಡೆದು, ತಿಂಡಿ ತಿಂದು ಬಂದು ಸ್ವಲ್ಪ ಬಿಗಿ ಮಾಡುವ ಕಡೆಗೇ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿದೆ. ಟಕ್ ಅಂತ ಬಿಟ್ಟಿತು. ಅಪ್ಪ ಪಂಪ್‌ಸೆಟ್ಟಿಗೆ ಹಾಗೇ ಮಾಡುತ್ತಿದ್ದರು. ಮುಚ್ಚಳ ಎತ್ತಿದರೆ ಖಾಲಿ ಗೂಡು. ಪ್ಯಾಕಿಂಗ್ ಬದಲಿಗೆ ಕಪ್ಪು ಸಿಲಿಕೋನ್ ಮೆತ್ತಿದ್ದರು. ಅದನ್ನು ಕೆರೆಯುವುದಕ್ಕೇ ಒಂದು ಗಂಟೆ ಹಿಡಿಯಿತು.

ಹೊಸದು ಚಿಕ್ಕಮಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಪ್ಯಾಕಿಂಗ್ ಸೇರಿ 380 ರೂಪಾಯಿ ಆಗಿತ್ತು. ಮೇಲೆ 82 ಅಂತ ಅಚ್ಚು ಇದೆ, ಬಾಗಿಲು ತೆರೆಯಲು ಶುರುವಾಗುವ ಡಿಗ್ರಿ ಅದು. ನಾನು ವಿಜ್ಞಾನದ ಟೀಚರ್. ಶಾಲೆಯ ಲ್ಯಾಬಿನಿಂದ 110 ಡಿಗ್ರಿಯ ಥರ್ಮಾಮೀಟರ್ ಕೇಳಿ ತಂದಿದ್ದೆ. ಹಳೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ಥರ್ಮೋಸ್ಟಾಟನ್ನು ದಾರ ಕಟ್ಟಿ ಇಳಿಬಿಟ್ಟೆ, ತಳಕ್ಕೆ ತಾಗದ ಹಾಗೆ. ದಾರವನ್ನು ಬಾಗಿಲಿನ ಸಂದಿಯಲ್ಲೇ ಸಿಕ್ಕಿಸಿದ್ದೆ. 80ರವರೆಗೆ ಏನೂ ಆಗಲಿಲ್ಲ. 83 ದಾಟುವಾಗ ಹಿಡಿತ ಬಿಟ್ಟು ನೀರಿಗೆ ಬಿತ್ತು. ತೆರೆಯಲು ಶುರುವಾಗಿದೆ ಅಂತ ಗೊತ್ತಾಯಿತು. 95ಕ್ಕೆ ಪೂರ್ತಿ ಬಾಯಿ ಬಿಟ್ಟಿತ್ತು. ನೀರು 96.5ಕ್ಕೇ ಕುದಿಯಿತು. ಇದು ನಮ್ಮ ಎತ್ತರದ ಊರುಗಳವರು ನೆನಪಿಡಬೇಕಾದದ್ದು: ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಮೇಲೆ ಹೋದಂತೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿ ತುದಿಯಲ್ಲಿ ತೆರೆದ ಪಾತ್ರೆಯ ನೀರು 93, 94ಕ್ಕೇ ಕುದಿಯುತ್ತದೆ. ಎಂಜಿನ್ ನೀರು 95 ಇದ್ದರೂ ಅಲ್ಲಿ ಕುದಿಯದಿರುವುದು ರೇಡಿಯೇಟರ್ ಮುಚ್ಚಳದ ಒತ್ತಡದಿಂದ. ಆ ಮುಚ್ಚಳದ ರಬ್ಬರ್ ಬಿರಿದಿತ್ತು, ಹೊಸದು ತಂದೆ.

ಬೋರ್‌ವೆಲ್ ನೀರು ಹಾಕಲಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ. ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಗುಳ್ಳೆ ನಿಲ್ಲುವವರೆಗೆ ತುಂಬುತ್ತಾ ಹೋದೆ. ಮೇಲಿನ ಪೈಪು ಒಂಬತ್ತು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಯಿತು. ಮುಳ್ಳು ಮಧ್ಯಕ್ಕೆ ಬಂದು ನಿಂತಿತು. ಎರಡು ವರ್ಷದಲ್ಲಿ ಮೊದಲ ಸಲ ಅದನ್ನು ಅಲ್ಲಿ ನೋಡಿದ್ದು.

ಆದರೆ ಒಂದು ಚಿಂತೆ. ಸಂಜೆ ಪೇಟೆಗೆ ಹೋಗಿದ್ದೆ. ಎಂ.ಜಿ. ರಸ್ತೆಯಲ್ಲಿ ಟ್ರಾಫಿಕ್‌ಗೆ ಸಿಕ್ಕಿ ಏಳೆಂಟು ನಿಮಿಷ ನಿಂತಾಗ ಮುಳ್ಳು ಮುಕ್ಕಾಲು ದಾಟಿತು. ಗಾಡಿ ಓಡಿದ ಕೂಡಲೇ ಇಳಿಯಿತು. ಥರ್ಮೋಸ್ಟಾಟ್ ತಪ್ಪು ಹಾಕಿದೆನಾ?

ಹಾಸನದ ಹಳೇ ಮೆಕ್ಯಾನಿಕ್ · ಸೋಮವಾರ ಬೆಳಿಗ್ಗೆ

ತಪ್ಪು ಹಾಕಿಲ್ಲಮ್ಮ, ಚೆನ್ನಾಗಿ ಮಾಡಿದ್ದೀರಿ. ಓಡುವಾಗ ಇಳಿಯುತ್ತದೆ, ನಿಂತಾಗ ಏರುತ್ತದೆ ಅಂದರೆ ರೇಡಿಯೇಟರ್ ಫ್ಯಾನ್ ತಿರುಗುತ್ತಿಲ್ಲ. ಹಿಂದಿನವರು ಥರ್ಮೋಸ್ಟಾಟ್ ಯಾಕೆ ತೆಗೆಸಿದರು ಅನ್ನೋದಕ್ಕೆ ಉತ್ತರ ಇದೇ ಇರಬೇಕು. ಫ್ಯಾನ್ ಕೆಟ್ಟಿತು, ಗಾಡಿ ಕಾಯ್ತು, ಫ್ಯಾನ್ ನೋಡೋ ಬದಲು ಇದನ್ನು ಕಿತ್ತರು. ಆಲ್ದೂರಿನ ತಂಪಿನಲ್ಲಿ, ಓಡೋ ಗಾಡಿಯಲ್ಲಿ, ಎರಡು ವರ್ಷ ನಿಮಗೆ ಫ್ಯಾನ್ ಬೇಕಾಗೇ ಇರಲಿಲ್ಲ.

ಫ್ಯೂಸ್ ನೋಡಿ. ಸರಿ ಇದ್ದರೆ ಫ್ಯಾನಿಗೆ ಕರೆಂಟು ಹಾಯಿಸೋ ಸ್ವಿಚ್ಚಿನಂಥ ರಿಲೇಯನ್ನು ಅದೇ ನಮೂನೆಯ ಇನ್ನೊಂದರ ಜೊತೆ ಅದಲು ಬದಲು ಮಾಡಿ ನೋಡಿ. ಆಮೇಲೆ ಫ್ಯಾನ್ ಮೋಟರಿನ ಕನೆಕ್ಟರ್ ಬಿಡಿಸಿ, ಬ್ಯಾಟರಿಯಿಂದ ನೇರ ಎರಡು ವೈರ್ ಕೊಡಿ. ರೆಕ್ಕೆ ತಿರುಗಿದರೆ ಮೋಟರ್ ಜೀವಂತ ಇದೆ, ತೊಂದರೆ ದಾರಿಯಲ್ಲಿದೆ. ಎಂಜಿನ್ ಬಿಸಿ ಇದ್ದಾಗ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನೇ ತಿರುಗಬಹುದು, ಬೆರಳು ಹುಷಾರು. ಇದು ಸರಿಯಾಗೋವರೆಗೆ ಅಮ್ಮನನ್ನು ಕೂರಿಸಿಕೊಂಡು ಹಾಸನಕ್ಕೆ ಬರಬೇಡಿ, ಬಸ್ಸಿಗೆ ಬನ್ನಿ.

ಸಕಲೇಶಪುರ ಟ್ಯಾಕ್ಸಿ · ಸೋಮವಾರ ರಾತ್ರಿ

ಗುರುಗಳೇ, ಆಯಿಲ್ ಮುಚ್ಚಳ ತೆಗೆದು ನೋಡಿದೆ. ನನ್ನದರಲ್ಲೂ ಅದೇ ಪೇಸ್ಟ್ ಇದೆ, ಬೆರಳಿಗೆ ಅಂಟಿತು. ರೇಡಿಯೇಟರನ್ನು ಬುಧವಾರ ಬಿಚ್ಚಿಸಿ ತೊಳೆಸ್ತೀನಿ, ಫ್ಯಾನ್ ಕ್ಲಚ್ಚೂ ನೋಡಿಸ್ತೀನಿ. ಎರಡು ತಟ್ಟೆಯ ಥರ್ಮೋಸ್ಟಾಟ್ ನನ್ನ ಗಾಡಿಗೆ ಬರುತ್ತಾ ಅಂತ ಪಾರ್ಟ್ ಅಂಗಡಿಯಲ್ಲಿ ಕೇಳ್ತೀನಿ. ಹಾಕೋ ಮುಂಚೆ ಫೋಟೋ ಕಳಿಸ್ತೀನಿ, ನೋಡಿ ಹೇಳಬೇಕು.

ಆಲ್ದೂರು ಟೀಚರ್ · ಹತ್ತು ದಿನದ ಮೇಲೆ

ಅಂಕಲ್, ಫ್ಯೂಸ್ ಸರಿ ಇತ್ತು, ರಿಲೇ ಸರಿ ಇತ್ತು. ನೇರ ವೈರ್ ಕೊಟ್ಟಾಗ ಫ್ಯಾನ್ ಬರ್ ಅಂತ ತಿರುಗಿತು. ಕನೆಕ್ಟರ್ ಬಿಚ್ಚಿ ನೋಡಿದರೆ ಒಳಗಿನ ಒಂದು ಪಿನ್ ಪೂರ್ತಿ ಹಸಿರಾಗಿ ತಿಂದುಹೋಗಿತ್ತು. ನಮ್ಮ ಮಳೆಗಾಲದ ತೇವಕ್ಕೆ ತಾಮ್ರ ಹೀಗಾಗುವುದು ಹೊಸದೇನಲ್ಲ. ಪೇಟೆಯ ಎಲೆಕ್ಟ್ರಿಷಿಯನ್ ಹತ್ತಿರ 120 ರೂಪಾಯಿಗೆ ಹೊಸ ಕನೆಕ್ಟರ್ ಹಾಕಿಸಿದೆ. ಅಂಗಳದಲ್ಲಿ ಇಪ್ಪತ್ತೈದು ನಿಮಿಷ ಐಡಲ್‌ನಲ್ಲಿ ನಿಲ್ಲಿಸಿ ನೋಡಿದೆ. ಮುಳ್ಳು ಮಧ್ಯಕ್ಕಿಂತ ಸ್ವಲ್ಪ ಮೇಲೆ ಹೋದಾಗ ಫ್ಯಾನ್ ಶುರುವಾಗುತ್ತದೆ, ಒಂದೆರಡು ನಿಮಿಷ ತಿರುಗಿ ನಿಲ್ಲುತ್ತದೆ. ಆಯಿಲೂ ಬದಲಾಯಿಸಿದೆ. ಹಳೆಯದರಲ್ಲಿ ಪೆಟ್ರೋಲ್ ವಾಸನೆ ಬರುತ್ತಿತ್ತು.

ಇವತ್ತು ಅಮ್ಮನನ್ನು ಬೇಲೂರು ಮೇಲಿಂದ ಹಾಸನಕ್ಕೆ ಕರೆದುಕೊಂಡು ಹೋಗಿಬಂದೆ. ಬೆಳಿಗ್ಗೆ ಆರು ಗಂಟೆಯ ಮಂಜಿನಲ್ಲಿ ಚಿಕ್ಕಮಗಳೂರು ತಲುಪುವ ಹೊತ್ತಿಗೆ ಗಾಜು ಸ್ವಚ್ಛವಾಗಿತ್ತು. ಅಮ್ಮ ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. ಮೈಲೇಜ್ ಇನ್ನೂ ಒಂದೇ ಟ್ಯಾಂಕಿನ ಲೆಕ್ಕ, 16.2 ಬಂದಿದೆ.

ಇಳಿಸಿದ ಹಳೇ ಕೂಲೆಂಟ್ ಎರಡು ಬಾಟಲಿಯಲ್ಲಿ ಮುಚ್ಚಿ, ವಿಷ ಅಂತ ಬರೆದು ಅಟ್ಟದ ಮೇಲಿಟ್ಟಿದ್ದೇನೆ. ಅದನ್ನು ಎಲ್ಲಿ ಕೊಡಬೇಕು?

ಹಾಸನದ ಹಳೇ ಮೆಕ್ಯಾನಿಕ್ · ಅದೇ ರಾತ್ರಿ

ಸಂತೋಷ ಆಯ್ತಮ್ಮ. ಆ ಬಾಟಲಿಗಳನ್ನು ಹಳೇ ಆಯಿಲ್ ಡ್ರಮ್ಮಿನಲ್ಲಿ ಶೇಖರಿಸೋ ದೊಡ್ಡ ವರ್ಕ್‌ಶಾಪಿನಲ್ಲಿ ಕೇಳಿ ನೋಡಿ, ಆದರೆ ಆಯಿಲ್ ಜೊತೆ ಬೆರೆಸಬೇಡಿ ಅಂತ ಹೇಳಿ ಕೊಡಿ. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಕೂಲೆಂಟ್ ಡಬ್ಬಿಯ ಗೆರೆ ನೋಡಿ. ಇಷ್ಟು ದೂರ ಓಡಿಸಿದ ಮೇಲೆ ಒಳಗುಳಿದ ಗಾಳಿ ಹೊರಬಂದು ಮಟ್ಟ ಸ್ವಲ್ಪ ಇಳಿದಿರುತ್ತದೆ. ಗೆರೆಯವರೆಗೆ ತುಂಬಿ.